ಬೇಸಿಗೆ ರಜಕ್ಕೆ ಮಂಗಳೂರಿಗೆ ಹೋದ್ರೆ ಏನೇನ್ ಮಾಡ್ಬೋದು? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ಬೇಸಿಗೆ ರಜಕ್ಕೆ ಎಲ್ಲಿಗೆ ಹೊರಟಿದ್ದೀರ ಅಂತ ಕೇಳಿದ್ವಿ. ಬಂದ ಪತ್ರಗಳಲ್ಲಿ ಮಂಗಳೂರಿನ ಬಗ್ಗೆನೇ ಜಾಸ್ತಿ ಇತ್ತು, ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇಟ್ಟಿದ್ದೀನಿ. ನಾನು ಹುಟ್ಟಿ ಬೆಳೆದಿದ್ದು ಮಂಗಳೂರಿನ ಜೆಪ್ಪುವಲ್ಲಿ, ಬೆಂಗಳೂರಿಗೆ ಬಂದು 22 ವರ್ಷ ಆಯ್ತು, ಆದ್ರೂ ಪ್ರತಿ ಏಪ್ರಿಲ್‌ನಲ್ಲಿ ತವರಿಗೆ ಹೋಗದೆ ಇರೋಕಾಗಲ್ಲ.

ಪ್ರಶ್ನೆ: ಮೇಡಂ, ಮೇ ಮೊದಲನೇ ವಾರ ನಾಲ್ಕು ದಿನ ಸಿಕ್ಕಿದೆ. ಮಕ್ಕಳಿಗೆ 12 ಮತ್ತು 7 ವರ್ಷ, ಇಬ್ಬರಿಗೂ ಸಮುದ್ರ ಬೇಕಂತೆ. ನಮ್ಮ ಯಜಮಾನ್ರು ಮಾತ್ರ "ಬೇಸಿಗೇಲಿ ಯಾರಾದ್ರೂ ಮಂಗಳೂರಿಗೆ ಹೋಗ್ತಾರಾ, ಬೆಂದು ಹೋಗ್ತೀವಿ, ಮಡಿಕೇರಿಗೆ ಹೋಗೋಣ" ಅಂತಾರೆ. ಯಾರ ಮಾತು ಕೇಳಲಿ?
— ಗೃಹಿಣಿ, ವಿಜಯನಗರ

ಉತ್ತರ: ಮಕ್ಕಳ ಮಾತು ಕೇಳಿ, ಆದ್ರೆ ಯಜಮಾನ್ರು ಹೇಳಿದ್ದನ್ನ ಮರೀಬೇಡಿ. ಮಂಗಳೂರಿನ ಬಿಸಿಲು ಕಲಬುರ್ಗಿ ಬಿಸಿಲಿನ ಥರ ಅಲ್ಲ, ಥರ್ಮಾಮೀಟರ್‌ನಲ್ಲಿ ಅಷ್ಟೊಂದು ಏರಲ್ಲ, ಅಲ್ಲಿರೋದು ಸೆಕೆ. ಗಾಳೀಲಿ ನೀರಿನಂಶ ತುಂಬಿರೋದ್ರಿಂದ ಮೈಮೇಲೆ ಬಂದ ಬೆವರು ಆರೋದೇ ಇಲ್ಲ, ಸ್ನಾನ ಮಾಡಿ ಬಂದು ಹತ್ತು ನಿಮಿಷಕ್ಕೆ ಮತ್ತೆ ಒದ್ದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೆರಳಿಗೆ ಹೋದ್ರೆ ತಂಪು, ಅಲ್ಲಿ ನೆರಳಲ್ಲೂ ಸೆಕೆ. ಇದನ್ನ ತಿಳ್ಕೊಳ್ಳದೆ ಹೋಗಿ ಮಧ್ಯಾಹ್ನ 12 ಗಂಟೆಗೆ ಬೀಚಲ್ಲಿ ನಿಂತ್ಕೊಂಡ್ರೆ ಯಾರಿಗಾದ್ರೂ ಬೇಜಾರಾಗತ್ತೆ.

ಅಲ್ಲಿನವರು ಬೇಸಿಗೇಲಿ ಹೇಗೆ ದಿನ ಕಳೀತಾರೋ ನೀವೂ ಹಾಗೇ ಕಳೀರಿ, ಅಷ್ಟೇ ನಾನು ಹೇಳೋದು. ಬೆಳಗ್ಗೆ ಬೇಗ ಹೊರಗೆ, ಮಧ್ಯಾಹ್ನ 12ರಿಂದ 4ರ ತನಕ ಫ್ಯಾನ್ ಕೆಳಗೆ, ಸಂಜೆ ಮತ್ತೆ ಹೊರಗೆ. ಮಕ್ಕಳನ್ನ ಒಂದು ದಿನ ಬೆಳಗ್ಗೆ ಐದೂವರೆಗೇ ಎಬ್ಬಿಸಿ ದಕ್ಕೆಗೆ ಕರ್ಕೊಂಡು ಹೋಗಿ. ಬಂದರಿನ ಮೀನುಗಾರಿಕೆ ಧಕ್ಕೆಯನ್ನ ಊರವರು ಕರೆಯೋದೇ ದಕ್ಕೆ ಅಂತ. ರಾತ್ರಿ ಸಮುದ್ರದಿಂದ ಬಂದ ಬೋಟುಗಳು ಸಾಲಾಗಿ ನಿಂತಿರ್ತವೆ, ಬುಟ್ಟಿ ಬುಟ್ಟಿ ಮೀನು ಇಳೀತಾ ಇರತ್ತೆ, ಏಲಂ ಕೂಗೋ ಸದ್ದು, ಐಸ್ ಪುಡಿ ಮಾಡೋ ಸದ್ದು, ಮಲ್ಪೆ ಕಡೆ ಮಾತು, ಕೇರಳದ ಮಾತು, ತುಳು, ಬ್ಯಾರಿ ಎಲ್ಲ ಒಂದೇ ಸಲ ಕಿವಿಗೆ ಬೀಳತ್ತೆ. ನೆಲ ಜಾರತ್ತೆ, ವಾಸನೆ ಇರತ್ತೆ, ಹಳೇ ಚಪ್ಪಲಿ ಹಾಕ್ಕೊಂಡು ಹೋಗಿ, ಕೆಲಸ ಮಾಡೋರಿಗೆ ಅಡ್ಡ ನಿಲ್ಲದೆ ಪಕ್ಕದಲ್ಲಿ ನಿಂತು ನೋಡಿ. ಟೀವಿಯಲ್ಲಿ ಎಷ್ಟು ನೋಡಿದ್ರೂ ಈ ಒಂದು ಗಂಟೆಗೆ ಸಮ ಆಗಲ್ಲ.

ಸಂಜೆ ಬೀಚಿಗೆ ಹೋಗೋಕೆ ನಾನು ಯಾವಾಗ್ಲೂ ಹೇಳೋ ದಾರಿ ಒಂದೇ. ನಾಲ್ಕೂವರೆ ಹೊತ್ತಿಗೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಟಿಪ್ಪು 1784ರಲ್ಲಿ ಕಪ್ಪು ಕಲ್ಲಲ್ಲಿ ಕಟ್ಟಿಸಿದ ಕಾವಲು ಬುರುಜು ಅದು, ಗುರುಪುರ ಹೊಳೆ ಒಳಗೆ ಯುದ್ಧದ ಹಡಗು ಬರದೆ ಇರ್ಲಿ ಅಂತ, ಕೆಳಗೆ ಸಿಡಿಮದ್ದು ಇಡೋಕೆ ಜಾಗ ಇದೆ, ಗೋಡೇಲಿ ಬಂದೂಕಿನ ಕಿಂಡಿಗಳಿವೆ. ಚಿಕ್ಕದು, ಆದ್ರೆ ಏಳು ವರ್ಷದ ಮಗುಗೆ ಆ ಕಿಂಡಿ ಸಾಕು. ಅಲ್ಲಿಂದಾನೇ ದೋಣಿ ಹತ್ತಿ ಹೊಳೆ ದಾಟಿದ್ರೆ ಆಚೆ ತಣ್ಣೀರುಬಾವಿ, ಹತ್ತು ನಿಮಿಷನೂ ಬೇಡ. ಕೊನೆ ದೋಣಿ ಎಷ್ಟೊತ್ತಿಗೆ ಅಂತ ದಾಟೋವಾಗ್ಲೇ ದೋಣಿಯವರನ್ನ ಕೇಳಿಟ್ಕೊಳ್ಳಿ. ಪಣಂಬೂರು ಬೀಚಿಗಿಂತ ಜನ ಕಮ್ಮಿ, ಹಿಂದ್ಗಡೆ ಗಾಳಿಮರದ ನೆರಳಿದೆ, ಮೇನಲ್ಲಿ ಸೂರ್ಯ ಮುಳುಗೋದು ಸುಮಾರು ಆರೂ ಮುಕ್ಕಾಲರ ಮೇಲೆ, ಅಲ್ಲೀತನಕ ಮಕ್ಕಳು ಮರಳಲ್ಲಿ ಆಡ್ಲಿ.

ಇನ್ನೊಂದು ದಿನ ಪಿಲಿಕುಳ ನಿಸರ್ಗಧಾಮ. ತುಳುವಲ್ಲಿ ಪಿಲಿ ಅಂದ್ರೆ ಹುಲಿ, ಹುಲಿ ನೀರು ಕುಡಿಯೋಕೆ ಬರ್ತಿದ್ದ ಕೊಳ ಅನ್ನೋ ಅರ್ಥ. ಪ್ರಾಣಿ ನೋಡೋದನ್ನ ಬೆಳಗ್ಗೆ ಮುಗಿಸ್ಕೊಂಡು ಬಿಸಿಲೇರಿದ ಮೇಲೆ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ ನುಗ್ಗಿ, 2018ರಲ್ಲಿ ಶುರುವಾದ ತ್ರೀಡಿ ತಾರಾಲಯ ಅದು, ಏಸಿನೂ ಇದೆ, ಮಕ್ಕಳು ಕಣ್ಣರಳಿಸಿ ಕೂತಿರ್ತಾರೆ. ಸೋಮವಾರ ರಜ, ಅದೊಂದು ನೋಡ್ಕೊಳ್ಳಿ.

ಯಜಮಾನ್ರಿಗೆ ಹೇಳಿ, ಮಡಿಕೇರಿ ಮುಂದಿನ ವರ್ಷಕ್ಕೂ ಅಲ್ಲೇ ಇರತ್ತೆ.

ಪ್ರಶ್ನೆ: ನಮಸ್ಕಾರ ಕಣಮ್ಮ. ನನಗೆ 68, ರಿಟೈರ್ಡ್ ಮೇಷ್ಟ್ರು, ಮಂಡಿ ನೋವು. ಮಗಳ ಜೊತೆ ಹೋಗ್ತಾ ಇದ್ದೀನಿ. ಬೀಚು ಗೀಚು ನನಗೆ ಬೇಡ. ಮಂಗಳೂರು ಹಳೇ ಊರು ಅಂತಾರೆ, ಆ ಹಳೇತನ ಎಲ್ಲಿ ನೋಡೋಕೆ ಸಿಗತ್ತೆ ಹೇಳು.
— ಮಲ್ಲೇಶ್ವರಂ

ಉತ್ತರ: ನಮಸ್ಕಾರ ಮೇಷ್ಟ್ರೇ. ನಿಮ್ಮ ಪತ್ರ ಓದಿ ನಿಜವಾಗ್ಲೂ ಖುಷಿಯಾಯ್ತು, ಯಾಕಂದ್ರೆ ಮಂಗಳೂರಿಗೆ ಬಂದೋರು ಬೀಚು ನೋಡ್ಕೊಂಡು ಐಸ್‌ಕ್ರೀಮ್ ತಿಂದ್ಕೊಂಡು ಹೋಗ್ಬಿಡ್ತಾರೆ, ಊರಿನ ವಯಸ್ಸು ಕೇಳೋರೇ ಕಮ್ಮಿ.

ಮೊದಲು ಬಂದರು ಬೀದಿ. ಇಬ್ನ್ ಬತೂತ ಅನ್ನೋ ಮೊರಾಕೋ ಪ್ರವಾಸಿ 1342ರ ಸುಮಾರಿಗೆ ಇಲ್ಲಿಗೆ ಬಂದಿದ್ದ, ಮಂಜರೂರು ಅಂತ ಬರೆದಿದ್ದಾನೆ. ಅವನಿಗಿಂತ ಇನ್ನೂರು ವರ್ಷ ಮುಂಚೆನೇ ಬೆನ್ ಯಿಜು ಅಂತ ಟ್ಯುನೀಷಿಯಾ ಕಡೆಯ ಯಹೂದಿ ವ್ಯಾಪಾರಿ ಮಂಗಳೂರಲ್ಲಿ ಮನೆ ಮಾಡ್ಕೊಂಡು, ಇಲ್ಲಿನ ಅಶು ಅನ್ನೋ ಹೆಣ್ಣನ್ನ ಮದುವೆಯಾಗಿ, ಕಂಚಿನ ಕಾರ್ಖಾನೆ ನಡೆಸಿ, ಸುಮಾರು ಹದಿನೇಳು ವರ್ಷ ಇದ್ದ, ಅವನ ಕಾಗದ ಪತ್ರಗಳು ಕೈರೋದ ಒಂದು ಯಹೂದಿ ಮಂದಿರದ ಉಗ್ರಾಣದಲ್ಲಿ ಸಿಕ್ಕಿವೆ. ನಮ್ಮೂರ ಬೀದೀಲಿ ಓಡಾಡಿದ ಮನುಷ್ಯನ ಲೆಕ್ಕದ ಚೀಟಿ ಈಜಿಪ್ಟಲ್ಲಿ ಸಿಗೋದು ಅಂದ್ರೆ, ನಂಗೆ ಪ್ರತಿ ಸಲ ಮೈ ಜುಂ ಅನ್ನತ್ತೆ. ಬಂದರು ಬೀದೀಲಿ ಈಗಲೂ ಸಾಂಬಾರ ಜೀನಸಿನ ವಾಸನೆ ಇದೆ, ಹಳೇ ಬಂದರಿಂದ ಲಕ್ಷದ್ವೀಪಕ್ಕೆ ಮಂಜಿಗಳಲ್ಲಿ, ಅಂದ್ರೆ ಸರಕಿನ ದೋಣಿಗಳಲ್ಲಿ, ಸಾಮಾನು ಹೋಗತ್ತೆ. ಅಲ್ಲೇ ಇರೋ ಝೀನತ್ ಬಕ್ಷ್ ಮಸೀದಿ ಏಳನೇ ಶತಮಾನದ್ದು ಅನ್ನೋದು ನಂಬಿಕೆ, ಒಳಗಿನ ಮರದ ಕೆತ್ತನೆ ನೋಡ್ಬೇಕು, ನಮಾಜಿನ ಹೊತ್ತು ಬಿಟ್ಟು ಕೇಳ್ಕೊಂಡು ಹೋಗಿ.

ಆಮೇಲೆ ಬಾವುಟಗುಡ್ಡೆ. ಅಲ್ಲೀತನಕ ಆಟೋ ಹೋಗತ್ತೆ, ಮಂಡಿಗೆ ತೊಂದ್ರೆ ಇಲ್ಲ. 1837ರ ಏಪ್ರಿಲ್‌ನಲ್ಲಿ, 1857ರ ದಂಗೆಗೂ ಇಪ್ಪತ್ತು ವರ್ಷ ಮುಂಚೆ, ಸುಳ್ಯ ಕಡೆಯ ರೈತರು ಕೆದಂಬಾಡಿ ರಾಮಯ್ಯ ಗೌಡರ ಜೊತೆ ಮಂಗಳೂರಿಗೆ ಬಂದು ಕಂಪನಿ ಬಾವುಟ ಇಳಿಸಿ ತಮ್ಮದನ್ನ ಹಾರಿಸಿದ್ದು ಇಲ್ಲೇ, ಹದಿಮೂರು ದಿನ ಊರು ಅವರ ಕೈಲಿತ್ತು. ಈಗ ಅವರ ಪ್ರತಿಮೆ ಅಲ್ಲಿದೆ. ಶಾಲೆ ಪಾಠದಲ್ಲಿ ಇದು ಒಂದು ಸಾಲಲ್ಲಿ ಮುಗಿದು ಹೋಗತ್ತೆ ಅನ್ನೋದು ನಿಮಗೇ ಗೊತ್ತಿರತ್ತೆ.

ಪಕ್ಕದಲ್ಲೇ ಸಂತ ಅಲೋಶಿಯಸ್ ಚಾಪೆಲ್. ಬಿಸಿಲು ಏರೋ ಹೊತ್ತಿಗೆ ಒಳಗೆ ಹೋಗಿ ಬೆಂಚಿನ ಮೇಲೆ ಕೂತ್ಬಿಡಿ, ಅವಸರ ಬೇಡ. ಗೋಡೆ, ಛಾವಣಿ, ಕಮಾನು ಒಂದಿಂಚೂ ಬಿಡದೆ ಚಿತ್ರ, ಇಟಲಿಯ ಆಂಟೋನಿಯೊ ಮೊಸ್ಕೇನಿ ಅನ್ನೋ ಜೆಸ್ವಿಟ್ ಬ್ರದರ್ 1899ರಲ್ಲಿ ಶುರುಮಾಡಿ ಬರೆದಿದ್ದು. ಗೋಡೆ ಮೇಲಿನ ಚಿತ್ರಗಳನ್ನ ಹಸಿ ಗಾರೆ ಒಣಗೋದ್ರೊಳಗೆ ಬರೀಬೇಕು, ಬಣ್ಣ ಗಾರೆಯೊಳಗೇ ಇಳಿದು ಅದರ ಜೊತೆ ಗಟ್ಟಿಯಾಗತ್ತೆ, ತಪ್ಪಾದ್ರೆ ಕೆತ್ತಿ ಮತ್ತೆ ಗಾರೆ ಬಳೀಬೇಕು. ಮಂಗಳೂರಿನಂಥ ನೂರಾರು ಇಂಚು ಮಳೆ ಸುರಿಯೋ ಊರಲ್ಲಿ ಅದು ಇಷ್ಟು ವರ್ಷ ಉಳಿದಿದೆ, ಕಾಪಾಡಿಕೊಂಡು ಬಂದವರ ಶ್ರಮನೂ ಅದರಲ್ಲಿದೆ.

ಕದ್ರಿ ಮಂಜುನಾಥ ದೇವಸ್ಥಾನದ ಲೋಕೇಶ್ವರ ಮೂರ್ತಿಯನ್ನ ತಪ್ಪಿಸ್ಬೇಡಿ. ಕಂಚಿನದು, ಮೂರು ಮುಖ, ಆರು ಕೈ, ಪೀಠದ ಮೇಲಿನ ಶಾಸನದಲ್ಲಿ ಆಳುಪ ದೊರೆ ಕುಂದವರ್ಮನ ಹೆಸರಿದೆ, ಕಾಲ 968. ಬೌದ್ಧರು, ನಾಥಪಂಥದವರು, ಶೈವರು ಮೂರೂ ಕೂಡಿದ ಜಾಗ ಅದು. ಮೇಲಿನ ಕೆರೆಗಳಿಗೆ ಮೆಟ್ಟಿಲಿದೆ, ಅದನ್ನ ಮಗಳು ಹತ್ತಿ ನೋಡ್ಕೊಂಡು ಬರ್ಲಿ, ನೀವು ಜಗಲೀಲಿ ಕೂತಿರಿ.

ಮತ್ತೆ ನೀವು ಮೇಷ್ಟ್ರಲ್ವಾ, ಬಲ್ಮಠದ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಕ್ರೈಸ್ತ ಮಿಷನರಿಗಳ ಸಂಸ್ಥೆ) ಕಾಂಪೌಂಡಿನ ಕಡೆ ಒಂದು ಸುತ್ತು ಹಾಕಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರ ಜುಲೈ 1ಕ್ಕೆ ಹೊರಟಿದ್ದು ಈ ಊರಿಂದ, ಸಂಪಾದಕರು ಹರ್ಮನ್ ಮೋಗ್ಲಿಂಗ್. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾಗಿ ಬಂದಿದ್ದೂ ಬಾಸೆಲ್ ಮಿಷನ್ ಪ್ರೆಸ್ಸಿಂದಲೇ. ನೀವು ಈಗ ಓದ್ತಾ ಇರೋ ಈ ಪುಟದ ಮೂಲ ಅಲ್ಲಿದೆ ಮೇಷ್ಟ್ರೇ.

ಪ್ರಶ್ನೆ: ನಾವು ಕಾಲೇಜ್ ಫ್ರೆಂಡ್ಸ್ ಐದು ಜನ. ಸರ್ಫಿಂಗ್ ಕಲಿಯೋಕೆ ಆಗತ್ತಾ? ಗೋವಾ ಥರ ಏನಾದ್ರೂ ಇದ್ಯಾ? ನಮ್ಮಲ್ಲಿ ಮೂರು ಜನಕ್ಕೆ ಈಜು ಬರಲ್ಲ.
— ಎಚ್‌ಎಸ್‌ಆರ್ ಲೇಔಟ್

ಉತ್ತರ: ಸರ್ಫಿಂಗ್ ಖಂಡಿತ ಇದೆ. ಮಂಗಳೂರಿಂದ ಉತ್ತರಕ್ಕೆ ಹೋದ್ರೆ ಸಸಿಹಿತ್ಲು, ಅದರಾಚೆ ಮೂಲ್ಕಿ. ನಂದಿನಿ, ಶಾಂಭವಿ ಎರಡೂ ಹೊಳೆಗಳು ಸಮುದ್ರ ಸೇರೋ ಜಾಗ, ನೋಡೋಕೇ ಚಂದ. ನಮ್ಮ ದೇಶದಲ್ಲಿ ಸರ್ಫಿಂಗ್ ಬೇರೂರಿದ್ದೇ ಮೂಲ್ಕೀಲಿ ಅಂತ ಹೇಳ್ಬೋದು, ಸಸಿಹಿತ್ಲಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ. ಕಲಿಸೋ ಕ್ಲಬ್‌ಗಳಿವೆ, ಬೆಳಗಿನ ಕ್ಲಾಸಿಗೆ ಮುಂಚೆನೇ ಬುಕ್ ಮಾಡಿ. ಮೇ ಕೊನೆ ವಾರಕ್ಕೆ ಹೋದ್ರೆ ಅಲೆ ದೊಡ್ಡದಾಗಿರತ್ತೆ, ಅದು ಹೊಸಬರಿಗಲ್ಲ, ಏಪ್ರಿಲ್ ಇಲ್ಲಾ ಮೇ ಮೊದಲಲ್ಲೇ ಹೋಗಿ. ಈಜು ಬರದ ಮೂರು ಜನ ಮೊದಲು ಶಾಂಭವಿ ಹೊಳೇಲಿ ಲೈಫ್ ಜಾಕೆಟ್ ಹಾಕ್ಕೊಂಡು ಕಯಾಕ್ ಮಾಡ್ಲಿ, ನೀರು ಶಾಂತ, ಎರಡೂ ದಡದಲ್ಲಿ ತೆಂಗಿನ ತೋಟ, ನಂಗಂತೂ ಸಮುದ್ರಕ್ಕಿಂತ ಅದೇ ಇಷ್ಟ.

ಈಗ ಒಂದು ಮಾತು, ದಯವಿಟ್ಟು ಗಮನ ಕೊಟ್ಟು ಓದಿ. ನಂಗೆ ಹದಿಮೂರು ವರ್ಷ ಇದ್ದಾಗ ಸೋಮೇಶ್ವರದಲ್ಲಿ ನಮ್ಮ ಚಿಕ್ಕಪ್ಪನ ಮಗ ಸೊಂಟದ ಮಟ್ಟದ ನೀರಲ್ಲಿ ನಿಂತಿದ್ದವನು ನೋಡನೋಡ್ತಾನೇ ಒಳಗೆ ಹೋಗ್ಬಿಟ್ಟ. ಅಲೆ ಹೊಡೆದಿದ್ದಲ್ಲ, ಕೆಳಗಿಂದ ನೀರು ಎಳ್ಕೊಂಡು ಹೋಗಿದ್ದು. ಅವನು ದಡದ ಕಡೆ ಮುಖ ಮಾಡಿ ಕೈಕಾಲು ಬಡೀತಾ ಇದ್ದ, ಒಂದಡಿ ಮುಂದೆ ಬರೋಕಾಗ್ತಿರ್ಲಿಲ್ಲ, ದಡದಲ್ಲಿ ಬಲೆ ಸರಿಮಾಡ್ತಿದ್ದ ಮೊಗವೀರ ಅಜ್ಜ ಒಬ್ರು "ಬದೀಗೆ ಹೋಗು, ಬದೀಗೆ" ಅಂತ ಕೂಗಿ ಕೂಗಿ, ಆಮೇಲೆ ತಾವೇ ಹಗ್ಗ ಹಿಡ್ಕೊಂಡು ಇಳಿದ್ರು. ಅವನು ಬದುಕಿದ, ಇವತ್ತೂ ಇದ್ದಾನೆ, ಆದ್ರೆ ಅವತ್ತು ಚಿಕ್ಕಮ್ಮ ಮರಳಲ್ಲಿ ಕೂತು ಅತ್ತಿದ್ದು ನಂಗೆ ಮರೆಯೋಕಾಗಿಲ್ಲ. ದಡಕ್ಕೆ ಬಂದ ಅಲೆ ನೀರು ವಾಪಸ್ ಹೋಗೋವಾಗ ಒಂದು ಕಿರಿದಾದ ಓಣಿ ಮಾಡ್ಕೊಂಡು ಜೋರಾಗಿ ಹೋಗತ್ತೆ, ಅಲ್ಲಿ ಅಲೆ ಒಡೆಯಲ್ಲ, ನೀರು ಶಾಂತವಾಗಿದೆ ಅನ್ಸತ್ತೆ, ಹೊಸಬರು ಅಲ್ಲೇ ಇಳೀತಾರೆ. ಸಿಕ್ಕಾಕ್ಕೊಂಡ್ರೆ ಅದರ ಎದುರು ಈಜಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಗೆ ಬಂದು ಆಮೇಲೆ ದಡಕ್ಕೆ ತಿರುಗಿ. ಈಜು ಬರಲ್ಲ ಅಂದ್ರೆ ಮೊಣಕಾಲಿನ ಮೇಲೆ ನೀರು ಬೇಡ. ಜೀವರಕ್ಷಕರಿರೋ ಬೀಚಲ್ಲಿ ಮಾತ್ರ ಇಳೀರಿ, ಅವರು ಸೀಟಿ ಊದಿದ್ರೆ ವಾದ ಮಾಡ್ಬೇಡಿ, ಕುಡಿದು ನೀರಿಗೆ ಹೋಗ್ಲೇಬೇಡಿ. ಪ್ರತಿ ರಜೇಲೂ ನಮ್ಮ ಬೆಂಗಳೂರಿನ ಹುಡುಗರ ಸುದ್ದಿ ಪೇಪರಲ್ಲಿ ಓದೋಕೆ ಕಷ್ಟ ಆಗತ್ತೆ.

ಗೋವಾ ಥರ ಇದ್ಯಾ ಅಂದ್ರಲ್ಲ, ಇಲ್ಲ. ಕತ್ತಲಾದ ಮೇಲೆ ಬೀಚಲ್ಲಿ ಚರುಮುರಿ ತಿಂದು ಮನೆಗೆ ಹೋಗೋ ಊರು ಇದು.

ಪ್ರಶ್ನೆ: ಮೇನಲ್ಲಿ ಒಳ್ಳೇ ಮೀನು ಸಿಗತ್ತಾ? ನಾನು ಮೀನು ತಿಂತೀನಿ, ಹೆಂಡತಿ ಪೂರ್ತಿ ಸಸ್ಯಾಹಾರಿ, ಇಬ್ಬರಿಗೂ ಆಗೋ ಹಾಗೆ ಹೇಳಿ.
— ರಾಜಾಜಿನಗರ

ಉತ್ತರ: ಸಿಗತ್ತೆ. ಪಶ್ಚಿಮ ಕರಾವಳೀಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ, ಮೀನು ಮರಿ ಮಾಡೋ ಕಾಲ ಅಂತ. ಅದಕ್ಕೆ ಮುಂಚೆ ಹೋದ್ರೆ ತಾಜಾ ಸಿಗತ್ತೆ, ಬೆಲೆ ಮಾತ್ರ ಬೇಸಿಗೇಲಿ ಸ್ವಲ್ಪ ಜಾಸ್ತಿನೇ. ಕಾಣೆ ರವಾ ಫ್ರೈ, ಬಂಗುಡೆ ಪುಳಿಮುಂಚಿ, ಮರುವಾಯಿ (ಚಿಪ್ಪುಮೀನು) ಸುಕ್ಕ, ಇವು ಮೂರು ಸಾಕು. ಅಂಜಲ್ ಬೆಂಗಳೂರಲ್ಲೂ ಸಿಗತ್ತೆ, ಅಲ್ಲಿ ಬೂತಾಯಿ ಕೇಳಿ, ಬಡವರ ಮೀನು ಅಂತ ದೊಡ್ಡ ಹೋಟೆಲಲ್ಲಿ ಇಡಲ್ಲ, ಸಣ್ಣ ಊಟದ ಹೋಟೆಲಲ್ಲಿ ಕುಚ್ಚಲಕ್ಕಿ ಅನ್ನದ ಜೊತೆ ಅದರ ರುಚಿನೇ ಬೇರೆ.

ನಿಮ್ಮ ಮನೆಯವರಿಗೆ ಬೇಸಿಗೆನೇ ಸರಿಯಾದ ಕಾಲ. ಬೆಳಗ್ಗೆ ಬನ್ಸು, ಇಲ್ಲಾ ನೀರುದೋಸೆ, ಸಂಜೆ ಗೋಳಿಬಜೆ. ಮಾವಿನಹಣ್ಣಿನ ರಸಾಯನದ ಜೊತೆ ಸೇಮಿಗೆ (ಒತ್ತುಶಾವಿಗೆ) ಸಿಕ್ಕಿದ್ರೆ ಬಿಡ್ಬೇಡಿ. ಕಾಟುಮಾವಿನ ಗೊಜ್ಜು ಹೋಟೆಲಲ್ಲಿ ಸಿಗೋದು ಕಷ್ಟ, ಯಾರದಾದ್ರೂ ಮನೆಗೆ ಊಟಕ್ಕೆ ಕರೆದ್ರೆ ಸಂಕೋಚ ಇಲ್ದೆ ಹೋಗಿ. ಮನೆ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗ್ತಿರತ್ತೆ, ಅಡುಗೆಮನೆ ಮಾಡಿನ (ಸೂರಿನ) ಕೆಳಗೆ ಬಾಳೆಹಗ್ಗದಲ್ಲಿ ಕಟ್ಟಿ ಸಾಲಾಗಿ ತೂಗುಹಾಕಿರೋ ಮಂಗಳೂರು ಸೌತೆ ಇರತ್ತೆ, ಅದು ಮಳೆಗಾಲಕ್ಕೆ. ಮಾಡು ಅಂದಾಗ ನೆನಪಾಯ್ತು, ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹಂಚು ಲೋಕ ಸುತ್ತಿದ್ದು. ಹಂಚುಗಳ ಸಂದಿಯಿಂದ ಬಿಸಿಗಾಳಿ ಮೇಲಕ್ಕೆ ಹೋಗ್ಬಿಡತ್ತೆ, ಅದಕ್ಕೇ ಹಂಚಿನ ಮನೇಲಿ ಮಧ್ಯಾಹ್ನ ನಿದ್ದೆ ಬರತ್ತೆ, ಸಿಮೆಂಟಿನ ತಾರಸಿ ಕೆಳಗೆ ಬರಲ್ಲ. ಆಗೋ ಹಾಗಿದ್ರೆ ಹಂಚಿನ ಹೋಮ್‌ಸ್ಟೇ ಹುಡುಕಿ.

ಕುಡಿಯೋಕೆ: ಬೊಂಡ ಅಂದ್ರೆ ನಮ್ಮ ಎಳನೀರು, ಬಚ್ಚಂಗಾಯಿ ಅಂದ್ರೆ ಕಲ್ಲಂಗಡಿ, ಈ ಎರಡು ಪದ ಗೊತ್ತಿದ್ರೆ ಸಾಕು. ಪುನರ್ಪುಳಿ (ಕೋಕಂ) ಶರಬತ್ತು ಕೆಂಪಗೆ, ಹುಳಿ ಸಿಹಿ, ಬಿಸಿಲಿಂದ ಬಂದ ತಕ್ಷಣ ಒಂದು ಲೋಟ ಕುಡಿದ್ರೆ ಜೀವ ಬರತ್ತೆ. ತಾಟಿನಿಂಗು ರಸ್ತೆ ಬದೀಲೇ ಕೊಚ್ಚಿ ಕೊಡ್ತಾರೆ. ರಾತ್ರಿ ಊಟ ಆದ್ಮೇಲೆ ಗಡ್‌ಬಡ್. ಜೆಲ್ಲಿ, ಹಣ್ಣು, ಗೋಡಂಬಿ, ಎರಡು ಮೂರು ಥರ ಐಸ್‌ಕ್ರೀಮು ಒಂದೇ ಉದ್ದ ಗ್ಲಾಸಲ್ಲಿ. ಅದು ಉಡುಪಿದಾ ಮಂಗಳೂರಿಂದಾ ಅಂತ ಎರಡೂ ಊರವರು ವಾದ ಮಾಡ್ತಾರೆ. 1975ರಿಂದ ಇರೋ ಐಡಿಯಲ್ ಐಸ್‌ಕ್ರೀಮ್ ಅಂಗಡೀಲಿ ರಜಾ ದಿನ ರಾತ್ರಿ ಜಾಗಕ್ಕೆ ಕಾಯಬೇಕಾಗತ್ತೆ, ಕಾಯಿರಿ.

ಪ್ರಶ್ನೆ: ಕಾರಲ್ಲಿ ಹೋಗೋದಾ, ರೈಲಾ?
— ಯಲಹಂಕ

ಉತ್ತರ: ಒಂದು ಸಲ ಆದ್ರೂ ಹಗಲು ರೈಲು. ಯಶವಂತಪುರದಿಂದ ಬೆಳಗ್ಗೆ ಹೊರಡೋ ರೈಲಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿನೂ ಇದೆ, ದಿನಾ ಓಡಲ್ಲ, ಯಾವ ದಿನ ಅಂತ ನೋಡಿ ಬುಕ್ ಮಾಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ, ರೈಲು ಮೆಲ್ಲಗೆ ಇಳಿಯತ್ತೆ, ಸುರಂಗ ಬಂದಾಗೆಲ್ಲ ಮಕ್ಕಳು ಕಿರುಚ್ತಾರೆ, ನೀವೂ ಕಿರುಚಿ. ಕಾರಲ್ಲಾದ್ರೆ ಶಿರಾಡಿ ಮೇಲೆ 350 ಕಿಲೋಮೀಟರ್ ಹತ್ತಿರ, ಲಾರಿ ಜಾಸ್ತಿ, ನಸುಕಲ್ಲೇ ಹೊರಡಿ. ಊರೊಳಗೆ ಕಾರು ಬೇಕಾಗಲ್ಲ, ಪ್ರೈವೇಟ್ ಸಿಟಿ ಬಸ್ಸುಗಳು ಎಲ್ಲ ಕಡೆಗೂ ಇವೆ. ಕಂಡಕ್ಟರು "ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್" ಅಂತ ಕೂಗಿದ್ರೆ ಅದು ಬ್ಯಾಂಕಲ್ಲ, ಬಸ್ ಸ್ಟ್ಯಾಂಡು.

ಪ್ರಶ್ನೆ: ಸಿನಿಮಾ ನೋಡಿದ ಮೇಲೆ ಭೂತಕೋಲ, ಕಂಬಳ ನೋಡ್ಬೇಕು ಅಂತ ತುಂಬ ಆಸೆ. ಮೇ ಕೊನೇಲಿ ಹೋದ್ರೆ ಸಿಗತ್ತಾ?
— ಐಟಿ ಉದ್ಯೋಗಿ, ಮಾರತ್‌ಹಳ್ಳಿ

ಉತ್ತರ: ಕಂಬಳ ಇಲ್ಲ. ಅದು ನವೆಂಬರಿಂದ ಶುರುವಾಗಿ ಬೇಸಿಗೆ ಗಟ್ಟಿಯಾಗೋದ್ರೊಳಗೆ ಮುಗಿಯತ್ತೆ. ಮೇ 24ರ ಆಸುಪಾಸಲ್ಲಿ ಪತ್ತನಾಜೆ ಬರತ್ತೆ, ತುಳು ತಿಂಗಳು ಬೇಶದ ಹತ್ತನೇ ದಿನ. ಅವತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ತಾವೆ, ಕೋಲ ನೇಮಗಳೂ ನಿಲ್ತಾವೆ, ಆಮೇಲೆ ಮಳೆ, ಬೇಸಾಯ. ಹಾಗಾಗಿ ಪತ್ತನಾಜೆಗೆ ಮುಂಚೆ ಹೋಗಿ. ಕಟೀಲು ಮೇಳಗಳ ಹರಕೆ ಆಟ (ಆಟ ಅಂದ್ರೆ ಯಕ್ಷಗಾನ) ಎಲ್ಲಿ ಅಂತ ವಿಚಾರಿಸಿ, ಆ ಹರಕೆಗೆ ಜನ ವರ್ಷಗಟ್ಟಲೆ ಕಾಯ್ತಾರೆ, ನೋಡೋಕೆ ಟಿಕೆಟ್ ಇಲ್ಲ, ಊರಿಗೆಲ್ಲ ಊಟನೂ ಇರತ್ತೆ. ಆಟ ಶುರುವಾಗೋ ಮುಂಚೆ ಚೌಕಿ (ವೇಷ ಕಟ್ಟೋ ಜಾಗ) ಹತ್ತಿರ ಬಣ್ಣ ಬಳ್ಕೊಳ್ಳೋದನ್ನ ದೂರದಿಂದ ನೋಡಿ.

ಕೋಲ ಮಾತ್ರ ಪ್ರದರ್ಶನ ಅಲ್ಲ. ಒಂದು ಮನೆಯವರ, ಒಂದು ಊರವರ ನಂಬಿಕೆ. ಪರಿಚಯದವರು ಕರೆದ್ರೆ ಹೋಗಿ, ಚಪ್ಪಲಿ ಬಿಟ್ಟು ಬದೀಲಿ ನಿಂತ್ಕೊಳ್ಳಿ, ಮೊಬೈಲ್ ಜೇಬಲ್ಲಿರ್ಲಿ, ದೈವದ ಕೂಗನ್ನ ಅನುಕರಣೆ ಮಾಡೋದು, ರೀಲ್ಸ್ ಮಾಡೋದು ದಯವಿಟ್ಟು ಬೇಡ, ನಮ್ಮವರಿಗೆ ಅದು ತುಂಬ ನೋವು ಕೊಡತ್ತೆ.

ಪ್ರಶ್ನೆ: ನಮಗೆ ರಜೆ ಸಿಗೋದೇ ಜೂನ್ ಎರಡನೇ ವಾರ. ಹೋಗೋದೇ ಬೇಡ್ವಾ?
— ಬಸವನಗುಡಿ

ಉತ್ತರ: ಹೋಗಿ, ಆದ್ರೆ ಬೇರೆ ಮಂಗಳೂರಿಗೆ ಹೋಗ್ತೀರ. ಅಷ್ಟೊತ್ತಿಗೆ ಮಳೆ ಹಿಡಿದಿರತ್ತೆ, ಸಮುದ್ರಕ್ಕೆ ಇಳಿಯೋ ಹಾಗಿಲ್ಲ, ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗೋ ಬೋಟೂ ನಿಂತಿರತ್ತೆ. ದೂರ ನಿಂತು ಕಡಲಿನ ಸದ್ದು ಕೇಳಿ. ಮೇಷ್ಟ್ರಿಗೆ ಹೇಳಿದ ಚಾಪೆಲ್, ಕದ್ರಿ ಎಲ್ಲ ಮಳೇಲೂ ನೋಡ್ಬೋದು, ಅದರ ಜೊತೆ ಮೂಡಬಿದ್ರೆಗೆ ಹೋಗಿ, 1430ರ ಸಾವಿರ ಕಂಬದ ಬಸದಿಯ ಜಗಲೀಲಿ ಕೂತು ಆ ಇಳಿಜಾರು ಮಾಡಿಂದ ನೀರು ಬೀಳೋದನ್ನ ಒಂದರ್ಧ ಗಂಟೆ ನೋಡಿ. ಕೆಸುವಿನೆಲೆ ಚಿಗುರಿರತ್ತೆ, ಪತ್ರೊಡೆ ಸಿಗತ್ತೆ. ಕೊಡೆ ಮಾತ್ರ ಅಲ್ಲೇ ಹೋಗಿ ತಗೊಳ್ಳಿ, ಉದ್ದ ಕೋಲಿಂದು, ಇಲ್ಲಿನ ಮಡಚೋ ಕೊಡೆ ಆ ಗಾಳಿಗೆ ಒಂದು ದಿನಾನೂ ನಿಲ್ಲಲ್ಲ.